ಕೆಂಪು ಜಾಕಿ

ಆ ಮಧ್ಯಾಹ್ನ ತುರುವೇಕೆರೆಯ ಹಳೇ ಪೇಟೆಯ ಜಗಲಿಯ ಮೇಲೆ ನಾಲ್ಕು ಜನ ಇದ್ದೆವು: ಕೊಬ್ಬರಿ ಮಂಡಿಯ ದೊಡ್ಡಮ್ಮ, ಅವರ ಮಗಳು, ದಬ್ಬೇಘಟ್ಟದಿಂದ ಕಾಯಿ ತಂದಿದ್ದ ಒಬ್ಬ ರೈತ, ಮೂಲೆಯಲ್ಲಿ ಜೆರಾಕ್ಸ್ ಮೆಷಿನ್ ಇಟ್ಟುಕೊಂಡಿದ್ದ ನಾನು. ದೊಡ್ಡಮ್ಮನ ಎಡಗಿವಿಯಲ್ಲಿ ಕೆಂಪು ಹರಳಿನ ಓಲೆ. ಬಲಗಿವಿ ಬೋಳು. ಕಾಯಿಯನ್ನು ಕಿವಿಗೆ ಹಿಡಿದು ಕುಲುಕುವಾಗ ಓಲೆ ತಾಗಿ ಸದ್ದು ಕೆಡಿಸುತ್ತದೆಂದು ಯಾವ ಕಾಲದಲ್ಲೋ ತೆಗೆದಿಟ್ಟವರು ಮತ್ತೆ ಹಾಕಲೇ ಇಲ್ಲ.

ನಮ್ಮ ಕಡೆ ಸಿಪ್ಪೆ ಸುಲಿಯದ ಕಾಯಿಯನ್ನು ವರ್ಷದ ಹತ್ತಿರ ಹತ್ತಿರ ಅಟ್ಟದ ಮೇಲೆ ಸುಮ್ಮನೆ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಕರಟ ಬಿಟ್ಟು ಉಂಡೆಯಾದರೆ ಕೊಬ್ಬರಿ. ದೊಡ್ಡಮ್ಮ ರೈತನ ಕಾಯಿಯೊಂದನ್ನು ಬೋಳು ಕಿವಿಗೆ ಹಿಡಿದು, ಕಣ್ಣು ಮುಚ್ಚಿ ಕುಲುಕಿದರು.

"ಇನ್ನೂ ನೀರಾಡ್ತದೆ ಕಣಪ್ಪ. ಇನ್ನೊಂದು ತಿಂಗಳು ಅಟ್ಟದಲ್ಲಿರ್ಲಿ."

"ನಮ್ಮ ಮನೆಯವಳೂ ನನ್ ಮಾತ ಇಷ್ಟು ಕಿವಿಗೊಟ್ಟು ಕೇಳಕಿಲ್ಲ ಬುಡಮ್ಮಾ."

"ನಿನ್ ಮಾತಲ್ಲಿ ತಿರುಳಿರ್ಬೇಕಲ್ಲಪ್ಪ!"

ಎಲ್ಲರೂ ನಗುತ್ತಿದ್ದಾಗ ಅವರ ಮೈದುನ ಬಂದ. ವಯಸ್ಸಿನಲ್ಲಿ ನನಗಿಂತ ಹಿರಿಯ, ಆದರೂ ಅವನಿಗೆ ಬಹುವಚನ ಕೊಡಲು ನನಗೆ ಮನಸ್ಸಿಲ್ಲ. ಒಂದೇ ಹಂಚಿನ ಸೂರಿನ ಉದ್ದನೆಯ ಮಂಡಿ ಅದು. ಅಣ್ಣತಮ್ಮಂದಿರ ಪಾಲಾದಾಗ ಅರ್ಧ ಅವನಿಗೆ, ಅರ್ಧ ದೊಡ್ಡಮ್ಮನ ಗಂಡನಿಗೆ ಬಂದಿತ್ತು; ಅವರು ತೀರಿಕೊಂಡ ಮೇಲೆ ಅದು ದೊಡ್ಡಮ್ಮನದು. ಅವನ ಕೈಯಲ್ಲಿ ಜೆರಾಕ್ಸ್ ಮಾಡಿಸಲು ತಂದ ನಕ್ಷೆ.

"ಅತ್ತಿಗೆ, ಎರಡೂ ಭಾಗ ಸೇರಿಸಿ ಕೆಡವಿದ್ರೆ ಮೂರಂತಸ್ತು ಕಾಂಪ್ಲೆಕ್ಸ್ ಏಳ್ತದೆ. ಈ ಹುಳ ಹಿಡಿದ ಕಂಬಕ್ಕೆ ಎಷ್ಟು ದಿನ ಪೂಜೆ ಮಾಡ್ತೀರಿ?"

"ಪೂಜೆ ಯಾರು ಮಾಡ್ತಾರಪ್ಪ? ವ್ಯಾಪಾರ ಮಾಡ್ತಿದ್ದೀನಿ" ಎಂದರು ದೊಡ್ಡಮ್ಮ.

ಅದು ನಿಜ. ಹಳೆಯದೆಂದು ಕಣ್ಣಿಗೊತ್ತಿಕೊಳ್ಳುವ ಪೈಕಿ ಅವರಲ್ಲ. ಎಲೆಕ್ಟ್ರಾನಿಕ್ ತಕ್ಕಡಿ, ಸಿಸಿ ಕ್ಯಾಮೆರಾ, ಫೋನಿನಲ್ಲಿ ದುಡ್ಡು ಹಾಕುವ ಸ್ಕ್ಯಾನರ್, ಎಲ್ಲವೂ ಇದ್ದವು. ಆದರೆ ಎಲ್ಲವೂ ಗೋಡೆಗೆ. ಜಗಲಿಯ ನಾಲ್ಕು ಕೆತ್ತನೆ ಕಂಬಗಳಿಗೆ ಒಂದು ಮೊಳೆ ಹೊಡೆಯುವಂತಿರಲಿಲ್ಲ. ನನ್ನ ಅಂಗಡಿಯ ಬೋರ್ಡನ್ನು ಸಹ ತೆಂಗಿನ ನಾರಿನ ಹಗ್ಗದಿಂದಲೇ ಕಟ್ಟಿಸಿದ್ದರು. ಆ ಕಂಬಗಳ ಮೇಲೆ ಜಗಲಿಯ ಸೂರು, ಆ ಸೂರಿನ ಸಂದಿಯಿಂದ ಅಟ್ಟಕ್ಕೆ ಗಾಳಿ, ಆ ಗಾಳಿಯಿಂದ ಕೊಬ್ಬರಿ. ಅವರ ಲೆಕ್ಕ ಅಷ್ಟೇ.

ಮೈದುನ ತನ್ನ ಅರ್ಧವನ್ನು ಕೆಡವಿದ. ಆ ಬೇಸಿಗೆಯಲ್ಲಿ ದೊಡ್ಡಮ್ಮ, ಮಗಳು ಮಾಯಸಂದ್ರದ ಒಂದು ಮದುವೆಗೆ ಹೋಗಿದ್ದರು. ಭಾನುವಾರ ಬೆಳಗ್ಗೆ ನಾನು ಅರ್ಜಿ ಟೈಪ್ ಮಾಡುತ್ತಾ ಕೂತಿದ್ದೆ. ಮೈದುನ ನಾಲ್ಕು ಆಳುಗಳೊಂದಿಗೆ ಬಂದು, "ಗೋಡೆ ರಿಪೇರಿ ಕಣಪ್ಪ. ಮೆಷಿನ್ ಮೇಲೆ ಬಟ್ಟೆ ಹೊದಿಸಿ ಮನೆಗೆ ಹೋಗು, ಧೂಳು ಬೀಳ್ತದೆ" ಎಂದ. ಸೂರಿಗೆ ಆನಿಸಿ ನಿಲ್ಲಿಸುವ ಕಬ್ಬಿಣದ ಜಾಕಿಗಳನ್ನು ಇಳಿಸುತ್ತಿದ್ದುದು ನನ್ನ ಕಣ್ಣಿಗೆ ಬಿದ್ದಿತ್ತು. ಆದರೂ ಬಟ್ಟೆ ಹೊದಿಸಿ ಮನೆಗೆ ಹೋದೆ.

ಮರುದಿನ ದೊಡ್ಡಮ್ಮ ಬಸ್ಸಿಳಿದು ಬಂದಾಗ ಜಗಲಿಯ ಸೂರು ನಾಲ್ಕು ಜಾಕಿಗಳ ಮೇಲೆ ನಿಂತಿತ್ತು. ಕಂಬಗಳು ಹೆದ್ದಾರಿ ಬದಿಯ ಒಂದು ರೆಸಾರ್ಟಿಗೆ ಹೋಗಿದ್ದವು. ಮಗಳು ಅತ್ತರು. ದೊಡ್ಡಮ್ಮ ನನ್ನ ಹತ್ತಿರ ಬಂದು, "ಮೆಷಿನ್‌ಗೆ ಧೂಳು ಬೀಳ್ಲಿಲ್ಲ ತಾನೇ?" ಎಂದು ಕೇಳಿದರು. ಅಷ್ಟೇ. ಕೆನ್ನೆಗೆ ಹೊಡೆದಿದ್ದರೆ ಇಷ್ಟು ವರ್ಷ ಉರಿಯುತ್ತಿರಲಿಲ್ಲ.

ಕಂಪ್ಲೇಂಟ್ ಬರೆದುಕೊಡುತ್ತೇನೆ ಎಂದೆ. "ಹಸಿ ಕಾಯಿ ಒಡೆದ್ರೆ ನೀರು ಚೆಲ್ತದೆ ಅಷ್ಟೆ. ಇದು ಅಟ್ಟಕ್ಕೆ ಹೋಗ್ಲಿ" ಎಂದರು.

ಮೈದುನನ ಅರ್ಧದಲ್ಲೇ ಕಾಂಪ್ಲೆಕ್ಸ್ ಎದ್ದಿತು. ಮುಂದೆಲ್ಲ ಗಾಜು, ಕೆಳಗೆ ಮೊಬೈಲ್ ಅಂಗಡಿ. ಮೈದುನ ತನ್ನ ಕಾಯಿಗಳನ್ನೆಲ್ಲ ಮೇಲಿನ ಆರ್‌ಸಿಸಿ ಕೋಣೆಗೆ ತುಂಬಿ ಶಟರ್ ಎಳೆದ. ಹಂಚಿನ ಸಂದಿಯ ಗಾಳಿಯಿಲ್ಲ, ಅಡಿಯಲ್ಲಿ ಹಲಗೆಯ ಬಿರುಕಿಲ್ಲ. ಕಾಯಿಗಳು ಅಲ್ಲಿ ಬೆವರುತ್ತವೆಂದು ದೊಡ್ಡಮ್ಮನಿಗೆ ಮೊದಲ ದಿನವೇ ಗೊತ್ತಿತ್ತು.

"ಹೇಳಬಾರದೇ ದೊಡ್ಡಮ್ಮ?" ಎಂದೆ.

"ಕೇಳಿದ್ನಾ?"

ಮಳೆಗಾಲ ಹಿಡಿಯಿತು. ಕೊಳೆತ ಕಾಯಿಯ ನಾತ ಮೆಟ್ಟಿಲಿಳಿದು ಬಂದು, ಮೊಬೈಲ್ ಅಂಗಡಿಯವನು ಮೂಗು ಮುಚ್ಚಿಕೊಂಡೇ ಗಿರಾಕಿಗಳನ್ನು ಮಾತಾಡಿಸುವಂತಾಯಿತು. ದೊಡ್ಡಮ್ಮ ಮಾತ್ರ ದಿನಾ ಸಂಜೆ ಕುರ್ಚಿಯನ್ನು ಆ ಕಡೆಗೇ ತಿರುಗಿಸಿ ಹಾಕಿಕೊಂಡು ಕೂರುತ್ತಿದ್ದರು. ಯಾರಾದರೂ ಕೇಳಿದರೆ, "ಗಾಳಿ ಚೆನ್ನಾಗದೆ ಕಣಪ್ಪ" ಎನ್ನುವರು.

ಮುಂದಿನ ಫಸಲಿಗೆ ಮೈದುನ ಬಂದು ನಿಂತ. ಕೈಯಲ್ಲಿ ಒಂದು ಕಾಯಿ.

"ಅತ್ತಿಗೆ, ಅಟ್ಟದಲ್ಲಿ ನಂಗೊಂದು ಭಾಗ ಬಿಟ್ಕೊಡಿ."

ದೊಡ್ಡಮ್ಮ ಕಾಯಿಯನ್ನು ಬೋಳು ಕಿವಿಗೆ ಹಿಡಿದರು. "ಕಾಯಿ ಸಮ ಅದೆ. ನೀನೇ ಇನ್ನೂ ನೀರಾಡ್ತಿದ್ದೀಯ. ನನ್ ಕಂಬ ತಂದು ನಿಲ್ಸು, ಆಮೇಲೆ ಬಾ."

ಅವನು ರೆಸಾರ್ಟಿಗೆ ಎಷ್ಟು ಸಲ ಅಲೆದನೋ, ಮೂರು ಕಂಬ ಬಂದವು. ನಾಲ್ಕನೆಯದನ್ನು ಅವರು ಸೀಳಿ ಬೆಂಚು ಮಾಡಿಬಿಟ್ಟಿದ್ದರು. ದೊಡ್ಡಮ್ಮ ಸಂತೆಯ ದಿನವನ್ನೇ ಗೊತ್ತು ಮಾಡಿದರು. ಇಡೀ ಪೇಟೆ ನೋಡುತ್ತಿರಲು ಅವನೇ ಕಂಬ ತಬ್ಬಿಕೊಂಡು ನಿಲ್ಲಬೇಕು. ಇವರು ಕುರ್ಚಿಯಲ್ಲಿ ಕೂತು, "ಎಡಕ್ಕೆ... ಇನ್ನೊಂಚೂರು... ಅಯ್ಯೋ, ಜಾಸ್ತಿ ಆಯ್ತಲ್ಲಪ್ಪ, ಬಲಕ್ಕೆ" ಎನ್ನುವರು. ಕಂಬ ಮೊದಲೇ ನೆಟ್ಟಗಿತ್ತೆಂದು ಬಡಗಿ ಆಮೇಲೆ ನನ್ನ ಕಿವಿಯಲ್ಲಿ ಹೇಳಿದ.

"ನಾಲ್ಕನೇದು ಹೊಸದು ಮಾಡಿಸ್ಕೊಡ್ತೀನಿ ಅತ್ತಿಗೆ."

"ಬ್ಯಾಡ. ಜಾಕಿ ಅಲ್ಲೇ ಇರ್ಲಿ. ನೋಡಿದವರು ಯಾಕೆ ಅಂತ ಕೇಳ್ತಾರೆ. ನಮ್ಮ ಜೆರಾಕ್ಸಪ್ಪ ಹೇಳ್ತಾನೆ." ಹಾಗೆನ್ನುತ್ತಾ ನನ್ನತ್ತ ತಿರುಗಿ ನೋಡಿದರು. ನನಗೆ ಅವರು ವಿಧಿಸಿದ ಶಿಕ್ಷೆ ಅದು, ಕ್ಷಮೆಯೂ ಅದೇ.

ಅಟ್ಟದಲ್ಲಿ ಅವನಿಗೆ ಜಾಗ ಕೊಟ್ಟರು. "ವ್ಯಾಪಾರ ಬೇರೆ, ಹಗೆ ಬೇರೆ. ಎರಡನ್ನೂ ಚೆನ್ನಾಗಿ ಒಣಗಿಸಿಡ್ಬೇಕು" ಎನ್ನುತ್ತಿದ್ದರು. ಪ್ರತಿ ಯುಗಾದಿಗೂ ಆ ಜಾಕಿಗೆ ಕೆಂಪು ಬಣ್ಣ ಹೊಡೆಸುತ್ತಿದ್ದರು, ಕಾಂಪ್ಲೆಕ್ಸಿನ ಮೂರನೇ ಅಂತಸ್ತಿಗೂ ಕಾಣಲೆಂದು. ಯಾರು ಕೇಳಿದರೂ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಕತೆ ಹೇಳುತ್ತಿದ್ದೆ, ನಾನು ಬಟ್ಟೆ ಹೊದಿಸಿ ಮನೆಗೆ ಹೋದದ್ದನ್ನೂ ಬಿಡದೆ.

ಕಳೆದ ಶ್ರಾವಣದಲ್ಲಿ ದೊಡ್ಡಮ್ಮ ಲಿಂಗೈಕ್ಯರಾದರು. ಎಡಗಿವಿಯ ಒಂಟಿ ಓಲೆಯನ್ನು ಮಗಳು ತೆಗೆದಿಟ್ಟುಕೊಂಡರು.

ಕಾರ್ಯಗಳೆಲ್ಲ ಮುಗಿದ ವಾರಕ್ಕೆ ಮೈದುನ ಜಾಕಿಯ ಜಾಗಕ್ಕೆಂದು ಟ್ರ್ಯಾಕ್ಟರಿನಲ್ಲಿ ಹೊಸ ತೇಗದ ಕಂಬ ತಂದ. ಮಗಳು ಒಳಗೆ ಕೊಬ್ಬರಿ ತೂಗುತ್ತಿದ್ದರು. ಅವನು ನೇರ ನನ್ನ ಬಳಿ ಬಂದ.

"ಮೆಷಿನ್ ಮೇಲೆ ಬಟ್ಟೆ ಹೊದಿಸಿ ನೀನು ಮನೆಗೆ ಹೋಗಪ್ಪ. ಧೂಳು ಬೀಳ್ತದೆ."

ನಾನು ಸ್ಟೂಲನ್ನು ಎಳೆದು ಜಾಕಿಯ ಪಕ್ಕ ಹಾಕಿಕೊಂಡು ಕೂತೆ.

"ಬೀಳ್ಲಿ ಬುಡು" ಎಂದೆ.

ಅಷ್ಟರಲ್ಲಿ ಮಗಳೂ ಬಂದು ನನ್ನ ಪಕ್ಕ ನಿಂತರು. ಅವನು ನಮ್ಮಿಬ್ಬರನ್ನೂ ನೋಡಿ, ಟ್ರ್ಯಾಕ್ಟರ್ ತಿರುಗಿಸಲು ಹೇಳಿದ. ಆ ಕಂಬ ಈಗ ಕಾಂಪ್ಲೆಕ್ಸಿನ ಮೆಟ್ಟಿಲ ಕೆಳಗೆ ಗೋಣಿಚೀಲ ಹೊದ್ದು ಮಲಗಿದೆ.

ಈ ಯುಗಾದಿಗೆ ಜಾಕಿಗೆ ಕೆಂಪು ಬಣ್ಣ ನಾನೇ ಹೊಡೆದೆ.