ಗಂಗಮ್ಮನ ಫೋಟೋ ಅರ್ಧಕ್ಕೆ ನಿಂತಿತು

ಸತ್ತ ಹೆಂಡತಿಯ ಮುಖ ನೋಡಲು ಆ ಮನುಷ್ಯ ಸ್ಟೂಲಿನ ಮೇಲೆ ಕೂತು ಕಾಯುತ್ತಿದ್ದರು. ಮಾನಿಟರ್ ಮೇಲೆ ನೀಲಿ ಬಳೆಯೊಂದು ಸುತ್ತುತ್ತಲೇ ಇತ್ತು.

ಕಳೆದ ಶನಿವಾರದ ಮಾತು. ಸಿರುಗುಪ್ಪದ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಫೋಟೋ ಸ್ಟುಡಿಯೋ. ಅದರ ಮಾಲೀಕ ಖಾಜಾಹುಸೇನ್, ಕುರುಗೋಡಿನ ಹೈಸ್ಕೂಲಿನಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತವನು. ನಾನು ಬಳ್ಳಾರಿಯ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವನು. ಆದರೆ ಒಮ್ಮೆ ಯಾರದೋ ಮನೆಯ ಪ್ರಿಂಟರ್ ಸರಿ ಮಾಡಿದ ಪಾಪಕ್ಕೆ ಗೆಳೆಯರ ಬಳಗದಲ್ಲೆಲ್ಲ ಕಂಪ್ಯೂಟರ್ ಪಂಡಿತನಾಗಿಬಿಟ್ಟಿದ್ದೇನೆ. (ವೈರ್ ಸಡಿಲಾಗಿತ್ತು, ಒತ್ತಿದೆ. ಅಷ್ಟೆ.)

"ಲೇ, ನನ್ನ ಕಂಪ್ಯೂಟರ್ ತೆವಳಾಕ ಹತ್ತೈತಿ, ಬಂದು ನೋಡಲೇ" ಎಂದು ಖಾಜಾ ಫೋನ್ ಮಾಡಿದ್ದ. ಬೆಳಿಗ್ಗೆಯೇ ಹೋದೆ. ತೆವಳುವುದು ಎಂದರೆ ನಿಜವಾಗಿಯೂ ತೆವಳುವುದು. ಆನ್ ಮಾಡಿ, ಎದುರಿನ ಹೋಟೆಲಿಗೆ ಹೋಗಿ ಚಾ ಕುಡಿದು ಬಂದರೂ ಅದು ಎದ್ದಿರಲಿಲ್ಲ.

ಇಂಥ ಹೊತ್ತಿನಲ್ಲಿ ಎಲ್ಲರೂ ಏನು ಮಾಡುತ್ತಾರೋ ನಾನೂ ಅದನ್ನೇ ಮಾಡಿದೆ. ಫೋಟೋಗಳಿದ್ದ ಡಿ ಡ್ರೈವ್ ಮುಟ್ಟದೆ, ಸಿ ಡ್ರೈವ್ ಮಾತ್ರ ಅಳಿಸಿ ಹೊಸದಾಗಿ ಆಪರೇಟಿಂಗ್ ಸಿಸ್ಟಮ್ ಹಾಕಿದೆ. ಮಧ್ಯಾಹ್ನ ದಾಟಿತು. ಹೊಸ ವಾಲ್‌ಪೇಪರ್ ಬಂತು. ವೇಗ ಮಾತ್ರ ಬರಲಿಲ್ಲ. ಡಬ್ಬಿ ಬಿಚ್ಚಿ ಧೂಳು ಊದಿದೆ, ರ‍್ಯಾಮ್ ತೆಗೆದು ಒರೆಸಿ ಮತ್ತೆ ಕೂರಿಸಿದೆ. ಊಹೂಂ. ಒಳಗಿನಿಂದ ಟಿಕ್ ಟಿಕ್ ಎಂದು ಸಣ್ಣ ಸದ್ದೊಂದು ಬರುತ್ತಿತ್ತು. ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ.

ಅಷ್ಟರಲ್ಲಿ ಹಚ್ಚೊಳ್ಳಿಯಿಂದ ವೀರಭದ್ರಪ್ಪ ಬಂದರು. ಐವತ್ತು ದಾಟಿದ ರೈತ. ಕೈಯಲ್ಲಿ ಹೆಂಡತಿಯ ಆಧಾರ್ ಕಾರ್ಡು.

"ಇದನ್ನ ದೊಡ್ಡದು ಮಾಡಿಸಿ ನೋಡಿದ್ನಿರಿ. ಗುರ್ತೇ ಸಿಗಂಗಿಲ್ಲ" ಎಂದರು. "ನಾಡಿದ್ದು ಮನ್ಯಾಗ ಆಕಿ ಕಾರ್ಯ ಐತಿ. ಗ್ವಾಡಿಗಿ ಹಾಕಾಕ ಒಂದು ಫೋಟೋ ಬೇಕಲ್ರಿ."

ಹೆಂಡತಿ ಗಂಗಮ್ಮ ಜ್ವರ ಬಂದು ನಾಲ್ಕೇ ದಿನದಲ್ಲಿ ತೀರಿಹೋಗಿದ್ದಳು. ಮಣ್ಣಿಗೆ ಬಂದಿದ್ದ ಹೆಂಗಸರು ವೀರಭದ್ರಪ್ಪನವರಿಗೆ ಒಂದು ಸುದ್ದಿ ಹೇಳಿದ್ದರಂತೆ. ಹೋದ ವರ್ಷ ನಾಗರಪಂಚಮಿಯ ಮುಂದೆ ಸಿರುಗುಪ್ಪದ ಸಂತೆಗೆ ಬಂದಾಗ, ಅವರೆಲ್ಲ ಇದೇ ಸ್ಟುಡಿಯೋದಲ್ಲಿ ಮಹಿಳಾ ಸಂಘದ ಅರ್ಜಿಗೆ ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಸಿದರು. ಗಂಗಮ್ಮನಿಗೆ ಅರ್ಜಿ ಹಾಕುವುದಿರಲಿಲ್ಲ. ಆದರೂ ಕುರ್ಚಿಯ ಮೇಲೆ ಕೂತು, "ನಂದೊಂದು ದೊಡ್ಡದು ತೆಗೀರಿ" ಎಂದಳಂತೆ. ಆಮೇಲೆ ತಗೊಂಡು ಹೋಗಲು ಬರಲೇ ಇಲ್ಲ.

"ನಂಗ ಹೇಳೇ ಇಲ್ರಿ" ಎಂದರು ವೀರಭದ್ರಪ್ಪ. ಅದನ್ನು ಎರಡು ಸಲ ಹೇಳಿದರು.

"ಪಂಚಮಿ ಮುಂದಂದ್ರ ಫೋಲ್ಡರ್ ಐತಿ. ಇರತೈತಿ, ಕುಂದರ್ರಿ" ಎಂದ ಖಾಜಾ. ಅವನಿಗೆ ಆಕೆಯ ನೆನಪಿರಲಿಲ್ಲ. ಹೇಗಿದ್ದೀತು? ಸಂತೆಯ ದಿನ ಆ ಕುರ್ಚಿಯ ಮೇಲೆ ಎಷ್ಟು ಜನ ಕೂತು ಏಳುತ್ತಾರೆ! ಪ್ರಿಂಟನ್ನು ಗಿರಾಕಿ ಬಂದಾಗ ಹಾಕುವುದು ಅವನ ಪದ್ಧತಿ. ಅವರು ಬಾರದಿದ್ದರೆ ಫೋಟೋ ಕಂಪ್ಯೂಟರಿನಲ್ಲೇ ಉಳಿಯುತ್ತದೆ.

ಫೋಲ್ಡರ್ ತೆರೆದ. ನೀಲಿ ಬಳೆ ಸುತ್ತತೊಡಗಿತು. ಸುತ್ತಿತು. ಸುತ್ತಿತು. ಕೊನೆಗೆ ಸ್ಕ್ರೀನ್ ಹಾಗೇ ನಿಂತುಬಿಟ್ಟಿತು.

ಇನ್ನು ನನ್ನ ಪಾಂಡಿತ್ಯ ಸಾಕೆನಿಸಿತು. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಗೊತ್ತಿದ್ದ ರಿಪೇರಿ ಅಂಗಡಿ ಇತ್ತು. ಸಿಪಿಯು ಒಯ್ಯೋಣ ಎಂದೆ. ಖಾಜಾ ಶಟರ್ ಎಳೆದ. ವೀರಭದ್ರಪ್ಪ ಹೆಗಲ ಮೇಲಿನ ಟವೆಲ್ಲಿನಲ್ಲಿ ಆ ಡಬ್ಬಿಯನ್ನು ಸುತ್ತಿ, "ನಾನೂ ಬರ್ತೀನ್ರಿ" ಎಂದು ಬಸ್ ಹತ್ತಿಯೇಬಿಟ್ಟರು. ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಕೆಳಗಿಡಿ ಎಂದೆ. "ಬ್ಯಾಡ್ರಿ, ಬಸ್ಸು ಎತ್ತಿ ಹಾಕತೈತಿ" ಎಂದರು.

ಅಂಗಡಿಯವನು ಸಿ, ಡಿ ಎರಡೂ ಇದ್ದ ಹಾರ್ಡ್ ಡಿಸ್ಕ್ ಬಿಚ್ಚಿ ತನ್ನ ಮಿಷಿನಿಗೆ ಜೋಡಿಸಿದ. ಸದ್ದು ಕೇಳಿಯೇ ಮುಖ ಹಿಂಡಿದ.

"ಡಿಸ್ಕೇ ಹೋಗೈತ್ರಿ ಸರ್. ಇದರ ಮ್ಯಾಲೆ ಹೊಸ ಸಿಸ್ಟಮ್ ಯಾರು ಹಾಕಿದ್ರು?"

"ನಾನೇ" ಎಂದೆ. ಮತ್ತೇನು ಹೇಳಲಿ? ಹಳೆಯದನ್ನು ಅಳಿಸಿ ಹೊಸದು ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ನಮಗೆಲ್ಲ ಎಷ್ಟು ಗಟ್ಟಿಯಾಗಿದೆ! ಆಫೀಸಿನಲ್ಲಿ, ಕಾಲೇಜಿನಲ್ಲಿ, ಮನೆಯಲ್ಲಿ. ಒಳಗೆ ಏನು ಸವೆದಿದೆ ಎಂದು ನೋಡಲು ಯಾರಿಗೆ ಪುರುಸೊತ್ತು? ಕೊನೆಯುಸಿರು ಎಳೆಯುತ್ತಿದ್ದ ಡಿಸ್ಕಿನ ಮೇಲೆ ನಾನು ಬೆಳಿಗ್ಗೆಯಿಂದ ಭಾರ ಹೇರುತ್ತಿದ್ದೆ.

ಬಂದಷ್ಟು ಫೈಲುಗಳು ಒಂದೊಂದಾಗಿ ಕಾಪಿಯಾದವು. ಬಹಳಷ್ಟು ಬರಲಿಲ್ಲ. ಪಂಚಮಿಯ ಫೋಲ್ಡರಿನಲ್ಲಿ ಉಳಿದ ಕೆಲವನ್ನು ಖಾಜಾ ತೆರೆಯುತ್ತ ಹೋದ. ಯಾರದೋ ಮಗು. ಯಾರೋ ಮದುಮಗಳು.

"ಇದಽ... ಇದು, ಇದು!" ವೀರಭದ್ರಪ್ಪ ಎದ್ದು ನಿಂತರು.

ಮೇಲಿನಿಂದ ಸ್ಟುಡಿಯೋದ ಪರದೆ ಕಂಡಿತು. ಬಾಚಿದ ತಲೆ. ಕಿವಿಯ ಹಿಂದೆ ಮಲ್ಲಿಗೆ. ಹಣೆ, ಕಣ್ಣು. ಅಲ್ಲಿಗೆ ನಿಂತಿತು. ಮೂಗಿನ ಅರ್ಧದಿಂದ ಕೆಳಗೆ ಬರೀ ಬೂದು ಬಣ್ಣ.

ಇನ್ನೂ ತೆರೆಯುತ್ತದೆ ಎಂದುಕೊಂಡು ಅವರು ಕಾದರು. ಇಷ್ಟೇ ಎಂದು ಹೇಳುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ.

ಅಂಗಡಿಯವನೇ ಹೇಳಿದ, "ಚಿಂತಿ ಬ್ಯಾಡ್ರಿ ಯಜಮಾನ್ರ. ಈಗ ಎಐ ಬಂದೈತಿ. ಬಾಯಿ, ಗದ್ದ ಎಲ್ಲಾ ಅದೇ ಕೂಡಿಸಿ ಕೊಡತೈತಿ. ಗೊತ್ತೇ ಆಗಂಗಿಲ್ಲ."

"ಅದು ಆಕಿ ಬಾಯಿನೇ ಇರತೈತೇನ್ರಿ?"

ಅವನು ಕೀಬೋರ್ಡ್ ನೋಡಿದ.

"ಹಂಗಾದ್ರ ಬ್ಯಾಡ್ರಿ. ಐತಲ್ಲ, ಅಷ್ಟೇ ಪ್ರಿಂಟ್ ಹಾಕಿ ಕೊಡ್ರಿ" ಎಂದರು ವೀರಭದ್ರಪ್ಪ. ಆಮೇಲೆ ಖಾಜಾನ ಕಡೆ ತಿರುಗಿ ಮೆಲ್ಲಗೆ ಕೇಳಿದರು, "ಫೋಟೋ ತೆಗ್ಯಾಗ ಆಕಿ ನಕ್ಕಿದ್ಲೇನ್ರಿ?"

ಖಾಜಾ ಒಂದು ಕ್ಷಣವೂ ತಡಮಾಡಲಿಲ್ಲ. "ನಕ್ಕಿದ್ಲುರಿ. ಛಲೋ ನಕ್ಕಿದ್ಲು."

ಸಂಜೆ ಬಸ್ಸಿಗೆ ಕಾಯುವಾಗ ವೀರಭದ್ರಪ್ಪ ತಮ್ಮ ಮೊಬೈಲ್ ತೆಗೆದು ಹೆಬ್ಬೆರಳಿನಿಂದ ಒಂದೇ ಸಮ ಸರಿಸತೊಡಗಿದರು. ನಾನು ಪಕ್ಕದಲ್ಲೇ ಇದ್ದೆ. ತೊಳೆದ ಟ್ರ್ಯಾಕ್ಟರ್. ಹೂವು ಹಾಕಿದ ಟ್ರ್ಯಾಕ್ಟರ್. ಭತ್ತದ ರಾಶಿ. ಮತ್ತೆ ಟ್ರ್ಯಾಕ್ಟರ್. ಒಂದರ ಅಂಚಿನಲ್ಲಿ ಹಸಿರು ಸೆರಗಿನ ತುದಿ ಇತ್ತು. ಬೆರಳು ಅಲ್ಲಿ ನಿಂತಿತು.

"ಆಕಿ ಇರಬೇಕ್ರಿ. ಅಡ್ಡ ಬಂದಾಳಂತ ಆಚಿ ಸರಿ ಅಂದಿದ್ದೆ" ಎಂದರು.

ನಿಮ್ಮ ಮೊಬೈಲಿನಲ್ಲಿ ಎಷ್ಟು ಸಾವಿರ ಫೋಟೋ ಇವೆ ಎಂದು ನಾನು ಕೇಳುವುದಿಲ್ಲ. ಅದರಲ್ಲಿ ಯಾರು ಇಲ್ಲ?