ಪಾಸ್‌ವರ್ಡ್ ಕೇಳದ ಗುಂಡಿ

ನಾಗಪುರದ ಧರಮಪೇಠದ ಒಂದು ರಕ್ತಪರೀಕ್ಷೆಯ ಲ್ಯಾಬಿನ ಮುಂದೆ ಬೆಳಕು ಹರಿಯುವ ಹೊತ್ತಿಗೇ ಖಾಲಿ ಹೊಟ್ಟೆಯ ಜನ ಸಾಲುಗಟ್ಟಿದ್ದಾರೆ. ರಕ್ತ ಕೊಟ್ಟ ಮೇಲೆಯೇ ಅವರಿಗೆ ಚಹಾ. ಆದರೆ ರಕ್ತದ ಟ್ಯೂಬಿಗೆ ಅಂಟಿಸುವ ಲೇಬಲ್ ಅಚ್ಚುಹಾಕುವ ಪ್ರಿಂಟರ್ ಇವತ್ತೂ ಕೈಕೊಟ್ಟಿದೆ. ಕೌಂಟರಿನ ನಮಿತಾ ಹಿಂದೆ ತಿರುಗಿ ನೋಡುತ್ತಾಳೆ. ಕಂಪ್ಯೂಟರುಗಳ ಉಸ್ತುವಾರಿ ಹೊತ್ತ ಕಲಾವತಿ ಕೈಕಟ್ಟಿ ನಿಂತಲ್ಲೇ, ನೀನೇ ಒತ್ತು ಎಂದು ಮರಾಠಿಯಲ್ಲಿ ಹೇಳುತ್ತಾರೆ. ನಮಿತಾ ಪರದೆಯ ಮೇಲಿನ ಗುಂಡಿ ಒತ್ತುತ್ತಾಳೆ. ಲೇಬಲ್ ಬರುತ್ತದೆ, ಸಾಲು ಮುಂದೆ ಸರಿಯುತ್ತದೆ.

ಗದಗಿನ ಕಲಾವತಿ, ರೈಲ್ವೆ ನೌಕರ ಗಂಡನ ವರ್ಗಾವಣೆಯಿಂದ ನಾಗಪುರಕ್ಕೆ ಬಂದವರು. ಮೊದಲು ಪ್ರಿಂಟರ್ ನಿಂತಾಗಲೆಲ್ಲ ಅಡ್ಮಿನ್ ಪಾಸ್‌ವರ್ಡ್ ಹಾಕಬೇಕಿತ್ತು. ಮರಾಠಿ ಊರಿನಲ್ಲಿ ಯಾರಿಗೆ ತಿಳಿದೀತು ಎಂದು ಅವರು ತಮ್ಮೂರ ಕಡೆಯ ಮಂಡಕ್ಕಿ ತಿಂಡಿಯ ಹೆಸರನ್ನು, ‘ಗಿರ್ಮಿಟ್’ ಎಂದೇ ಇಟ್ಟಿದ್ದರು. ರಜೆಯಲ್ಲಿದ್ದಾಗ ಫೋನಿನಲ್ಲಿ ಹೇಳಿ ಹೇಳಿ, ಆ ತಿಂಡಿಯ ರುಚಿ ಕಾಣದ ಇಡೀ ಕೌಂಟರಿಗೆ ಹೆಸರು ಬಾಯಿಪಾಠವಾಯಿತು. ಒಮ್ಮೆ ಯಾರೋ ಅದನ್ನು ಹಾಕಿ ಕಂಪ್ಯೂಟರಿನ ತಾರೀಖು ಬದಲಿಸಿ ಹಾಗೇ ಬಿಟ್ಟರು. ರಿಪೋರ್ಟಿನಲ್ಲಿ ತಪ್ಪು ದಿನ ಬಿದ್ದು ಒಬ್ಬ ಅಜ್ಜಿಯ ಆಪರೇಷನ್ ಮುಂದೂಡಬೇಕಾಯಿತು.

“ಅವತ್ತ ಊಟ ಸೇರಲಿಲ್ರಿ,” ಎಂದು ಲ್ಯಾಬ್ ನೋಡಲು ಬಂದ ನನಗೆ ಹೇಳುತ್ತಾರೆ ಕಲಾವತಿ. “ಒಂದು ಪ್ರಿಂಟರ್ ಚಾಲೂ ಮಾಡಾಕ ಇಡೀ ಮನಿ ಕೀಲಿಕೈ ಕೊಟ್ಟಿದ್ದೆ ನಾ.”

ಪಾಸ್‌ವರ್ಡ್ ಬದಲಿಸಿ, ಸಾಫ್ಟ್‌ವೇರ್ ಬರೆದವರ ಬೆನ್ನುಬಿದ್ದು ಅವರು ಈ ಗುಂಡಿ ಮಾಡಿಸಿದರು. ಲ್ಯಾಬಿನ ಸಾಫ್ಟ್‌ವೇರಿಗೆ ಈಗ ಅಡ್ಮಿನ್ ಅಧಿಕಾರವೇ ಇಲ್ಲ. ಅಧಿಕಾರವಿರುವುದು ಹಿನ್ನೆಲೆಯಲ್ಲಿ ಕೂತ ಒಂದು ಪುಟ್ಟ ಪ್ರೋಗ್ರಾಮಿಗೆ. ಗುಂಡಿ ಒತ್ತಿದರೆ, ಕೋರಿಕೆ ಯಾರಿಂದ ಬಂತೆಂದು ಅದು ಪರೀಕ್ಷಿಸಿ, ಪ್ರಿಂಟರ್ ಮತ್ತೆ ಶುರುಮಾಡುವ ಒಂದೇ ಆಜ್ಞೆ ನಡೆಸಿ ಸುಮ್ಮನಾಗುತ್ತದೆ. ತಾರೀಖು ಬದಲಿಸು ಎಂದು ಯಾರು ಕೇಳಿಕೊಂಡರೂ ಜಗ್ಗುವುದಿಲ್ಲ. ಮನುಷ್ಯರಿಗಿಲ್ಲದ ಈ ಗುಣ ನನಗಂತೂ ಹಿಡಿಸಿತು.

ಲ್ಯಾಬಿನ ಮಾಲೀಕ ಡಾಕ್ಟರಿಗೆ ಈ ಗುಂಡಿಯ ಮೇಲೆ ಇನ್ನೂ ನಂಬಿಕೆ ಬಂದಿಲ್ಲ. ನಾಳೆ ಕಲಾವತಿ, ತಂಗಿಯ ಮಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಗದಗಿಗೆ ಹೊರಡುತ್ತಾರೆ. ಅವರಿಗೆ ಫೋನು ಮಾಡುವ ಪ್ರಸಂಗ ಬಂದರೆ ಪಾಸ್‌ವರ್ಡನ್ನು ಮತ್ತೆ ಕೌಂಟರಿಗೇ ಕೊಡಬೇಕೆಂದು ಡಾಕ್ಟರು ಹೇಳಿದ್ದಾರೆ. ಕಲಾವತಿಗೆ ಅದೇ ಆತಂಕ. ಹಿಂದೆ ತಮ್ಮನ ಮದುವೆಯಲ್ಲಿ ಅಕ್ಷತೆ ಬೀಳುವಾಗ ಅವರು ಛತ್ರದ ಹೊರಗೆ ನಿಂತು ಫೋನಿನಲ್ಲಿ ಗಿರ್ಮಿಟ್ ಗಿರ್ಮಿಟ್ ಎಂದು ಒದರುತ್ತಿದ್ದರಂತೆ.

ಏನು ಆಸೆ ಎಂದು ಕೇಳುತ್ತೇನೆ.

“ಎಂಟು ದಿನ ಇಲ್ಲಿ ಯಾರಿಗೂ ನನ್ನ ನೆನಪ ಆಗಬಾರದ್ರಿ. ಅಷ್ಟಾದ್ರ, ಕೆಲಸ ಬರೋಬರ್ ಮಾಡೇನಿ ಅಂತ ತಿಳ್ಕೋತೀನಿ.”

ಅಷ್ಟರಲ್ಲಿ ಪ್ರಿಂಟರ್ ಮತ್ತೆ ನಿಲ್ಲುತ್ತದೆ. ಕಲಾವತಿ ಕೌಂಟರಿನತ್ತ ನೋಡುತ್ತಾರೆ. ನಮಿತಾ ಈ ಸಲ ಹಿಂದೆ ತಿರುಗುವುದಿಲ್ಲ.