ಎಂಜಿನ್ ಸಾಹೇಬನ ಅರ್ಜಿ

ನಮ್ಮ ಕಾಕಾನದು ಬೆಕ್ಕಿನ ಕಣ್ಣು. ಇಂಗಳೇಶ್ವರದಲ್ಲಿ ಯಾರು ಕೇಳಿದರೂ ಮನೆಯವರ ಉತ್ತರ ಒಂದೇ: "ಜರ್ಮನಿ ರಕ್ತ ಐತಲ್ಲ, ಅದಕ್ಕ." ನನ್ನ ಮುತ್ತಜ್ಜಿಯ ತಂದೆ ಮುದ್ದೇಬಿಹಾಳದ ಹತ್ತಿ ಜಿನ್ನಿಂಗ್ ಕಾರ್ಖಾನೆಗೆ ಯಂತ್ರ ಜೋಡಿಸಲು ಬಂದ ಜರ್ಮನಿಯವನಂತೆ. ಊರವರು ಅವನನ್ನು ಎಂಜಿನ್ ಸಾಹೇಬ ಎನ್ನುತ್ತಿದ್ದರಂತೆ. ಮುತ್ತಜ್ಜಿಯ ತಾಯಿ ಮಾತ್ರ ನಮ್ಮ ಪೈಕಿಯವಳೇ, ಬಾಣಂತನದಲ್ಲಿ ತೀರಿಕೊಂಡಳಂತೆ. ಈ ಕಥೆಯನ್ನು ನಮ್ಮ ಮನೆಯಲ್ಲಿ ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತಿದ್ದರು.

ನಾನು ಸಿಂದಗಿಯ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದವಳು. ನಿವೃತ್ತಿಯಾದ ಮೇಲೆ ಆ ಸಾಹೇಬ ಯಾವ ಊರಿನವನು ಎಂದು ಹುಡುಕುವ ಮನಸ್ಸಾಯಿತು. ಬಸವನ ಬಾಗೇವಾಡಿಯ ವಯಸ್ಸಾದ ವಕೀಲರೊಬ್ಬರು ದಾರಿ ತೋರಿಸಿದರು.

"ಪರದೇಶದವರು ಇಲ್ಲೇ ನೆಲಿ ನಿಂತು ಬ್ರಿಟಿಷ್ ಪ್ರಜೆ ಆಗ್ಬೇಕಂದ್ರ ಸರ್ಕಾರಕ್ಕ ಅರ್ಜಿ ಹಾಕ್ತಿದ್ರು. ಹುಟ್ಟಿದೂರು, ಹೆಂಡ್ತಿ, ಮಕ್ಕಳು, ಎಲ್ಲಾ ಬರೀಬೇಕಿತ್ತು. ಅವಾಗ ನಮ್ಮ ಜಿಲ್ಲಾ ಮುಂಬೈ ಪ್ರಾಂತ್ಯದಾಗಿತ್ತು. ಅಲ್ಲಿ ಹಳೇ ದಫ್ತರದಾಗ ಕೇಳ್ರಿ."

ಮುಂಬೈಗೆ ಪತ್ರ ಬರೆದೆ. ಆ ಖುಷಿಯಲ್ಲಿ ಕಾಕಾನಿಗೂ ಹೇಳಿದೆ. ಅವನ ಮುಖ ಬಿಗಿಯಿತು.

"ಯಾರು ಹೇಳಿ ಮಾಡಿಸಾಕತ್ತಾರ ಇದನ್ನ? ಇಂಡಿಯವರೇನು?"

ಅವನ ಮೊಮ್ಮಗಳಿಗೆ ಇಂಡಿ ಊರಿನ ಒಂದು ಮನೆತನದ ಜೊತೆ ಮದುವೆಯ ಮಾತುಕತೆ ನಡೆದಿತ್ತು. ಅವರು ನಮ್ಮ ಬಗ್ಗೆ ಅಲ್ಲಿ ಇಲ್ಲಿ ವಿಚಾರಿಸುತ್ತಿದ್ದಾರೆ ಎಂದು ನನಗೂ ಗೊತ್ತಿತ್ತು. ಆದರೆ ಸ್ವಂತ ಅಣ್ಣನ ಮಗಳ ಮೇಲೆ ಇಂಥ ಸಂಶಯವೇ? ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ನನಗೂ ಅನುಮಾನ ಹತ್ತಿತು. ಇವನು ಏನನ್ನು ಮುಚ್ಚಿಡುತ್ತಿದ್ದಾನೆ?

ಮುಂದಿನ ಸಲ ಊರಿಗೆ ಹೋದಾಗ ಪಡಸಾಲೆಯಲ್ಲಿದ್ದ ಮುತ್ತಜ್ಜಿಯ ಟ್ರಂಕು ಕಾಣಲಿಲ್ಲ. "ತುಕ್ಕು ಹಿಡಿದಿತ್ತು, ಗುಜರಿ ಮೋಡ್ಕಾದವಗ ಹಾಕಿದೆ" ಎಂದ ಕಾಕಾ. ನೀರು ಕುಡಿಯುವ ನೆಪದಲ್ಲಿ ಒಳಗೆ ಹೋಗಿ ನೋಡಿದೆ. ಜೋಳದ ಚೀಲಗಳ ಹಿಂದೆ ಅದರ ಮೂಲೆ ಇಣುಕುತ್ತಿತ್ತು. ನೀರು ಕುಡಿದು ಹೊರಗೆ ಬಂದೆ.

ಆ ವಾರವೇ ಮುದ್ದೇಬಿಹಾಳಕ್ಕೆ ಹೋದೆ. ಜಿನ್ನಿಂಗ್ ಕಾರ್ಖಾನೆ ಇದ್ದ ಜಾಗದಲ್ಲಿ ಈಗ ಒಂದು ಗೋದಾಮು. ಅದರ ಕಾವಲಿನವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಮೊನ್ನೆ ಒಬ್ರು ಹಿರ್ಯಾರು ಬಂದಿದ್ರಿ. ಯಾರರ ಬಂದು ಹಳೇ ಸಾಹೇಬನ ಸುದ್ದಿ ಕೇಳಿದ್ರ ಏನೂ ಹೇಳಬ್ಯಾಡ ಅಂದ್ರು. ನನಗೇನ್ ಗೊತ್ತೈತಿ ಹೇಳಾಕ?"

"ಹೆಂಗಿದ್ರು ಅವರು?"

"ಬೆಕ್ಕಿನ ಕಣ್ಣು ಇದ್ವು ನೋಡ್ರಿ."

ಸಿಂದಗಿಗೆ ಮರಳುವಾಗ ಬಸ್ಸಿನಲ್ಲಿ ತಲೆ ಒಂದೇ ಸವನೆ ಓಡಿತು. ಸಾಹೇಬನಿಗೆ ಜರ್ಮನಿಯಲ್ಲಿ ಇನ್ನೊಬ್ಬ ಹೆಂಡತಿ ಇದ್ದಳೇ? ಅವನ ಹೆಸರಿನಲ್ಲಿ ಜಮೀನು ಉಳಿದು, ಕಾಕಾ ಅದನ್ನು ಒಳಗೆ ಹಾಕಿಕೊಂಡಿದ್ದಾನೆಯೇ? ಎಂಬತ್ತು ದಾಟಿದ ಮುದುಕ ಬಿಸಿಲಲ್ಲಿ ಬಸ್ಸು ಬದಲಿಸಿ ಅಲ್ಲಿಯವರೆಗೆ ಹೋಗಿದ್ದಾನೆ ಎಂದರೆ ಸಣ್ಣ ವಿಷಯವಲ್ಲ.

ಮುಂಬೈಯ ಲಕೋಟೆ ಬರಲು ನಾಲ್ಕು ತಿಂಗಳು ಹಿಡಿಯಿತು. ಅರ್ಜಿಯ ಇಂಗ್ಲಿಷ್ ಅಕ್ಷರ ದುಂಡಗಿತ್ತು. ಹುಟ್ಟಿದ್ದು ಜರ್ಮನಿಯ ಒಂದು ಹಳ್ಳಿ. ಉದ್ಯೋಗ ಫಿಟ್ಟರ್. ಹೆಂಡತಿ: ಇಲ್ಲ. ಸ್ವಂತ ಮಕ್ಕಳು: ಇಲ್ಲ. ಅದರ ಕೆಳಗೆ, ಬರಗಾಲದಲ್ಲಿ ಗಂಜಿ ಕೇಂದ್ರದ ಹೊರಗೆ ಸಿಕ್ಕ ಒಬ್ಬ ಹುಡುಗಿಯನ್ನು ಮಗಳಂತೆ ಸಾಕುತ್ತಿರುವುದಾಗಿಯೂ, ಅವಳ ತಂದೆತಾಯಿ, ಜಾತಿ ಯಾರಿಗೂ ತಿಳಿಯದೆಂದೂ, ಅವಳನ್ನು ಬಿಟ್ಟು ಹೋಗಲಾರದ ಕಾರಣ ಈ ಅರ್ಜಿಯೆಂದೂ ಬರೆದಿದ್ದ. ಅಂಚಿನಲ್ಲಿ ಯಾವನೋ ಅಧಿಕಾರಿ ಬೇರೆ ಶಾಯಿಯಲ್ಲಿ ಟಿಪ್ಪಣಿ ಹಾಕಿದ್ದ. ಒಂಟಿ ಗಂಡಸು ಅನಾಥ ಕೂಸನ್ನು ಏಕೆ ಸಾಕುತ್ತಾನೆ, ಇವನ ಮೇಲೆ ಕಣ್ಣಿಡುವುದು ಒಳ್ಳೆಯದು ಎಂಬುದು ಅದರ ಅರ್ಥ.

ನಾನು ಅದನ್ನು ಎರಡು ಸಲ ಓದಿದೆ. ನಮಗೂ ಜರ್ಮನಿಗೂ ಹನಿ ರಕ್ತದ ಸಂಬಂಧವಿರಲಿಲ್ಲ.

ಮರುದಿನ ಕಾಕಾನ ಮುಂದೆ ಕೂತು ಅರ್ಜಿಯನ್ನು ಕನ್ನಡದಲ್ಲಿ ಹೇಳುತ್ತ ಹೋದೆ.

"ನಿನಗ ಗೊತ್ತಿತ್ತಾ?"

"ಆಯಿನೇ, ಅಂದ್ರ ನಿನ್ನ ಮುತ್ತಜ್ಜಿನೇ, ಹೇಳಿದ್ಲು. ನಾ ಏಳೆಂಟು ವರ್ಷದಾವ ಇದ್ದೆ. ಗಂಜಿ ಕುದಿಯೂ ವಾಸನಿ ಬಂದ್ರ ಎದ್ದು ಹೊರಗ ಹೋಗಾಕಿ ಆಕಿ. ಯಾಕ ಅಂತ ಕೇಳಿದ್ದೆ."

"ಮತ್ತ ಈ ಜರ್ಮನಿ ರಕ್ತ?"

"ಜರ್ಮನಿಯವ ಅಂದ್ರ ಮಂದಿ ನಕ್ಕು ಬಿಡ್ತಾರ. ಯಾರ ಕೂಸೋ, ಯಾವ ಜಾತಿಯೋ ಗೊತ್ತಿಲ್ಲ ಅಂದ್ರ ಬಿಡ್ತಾರೇನು? ಆ ಕಾಗದ ಇಂಡಿಯವರ ಕೈಗೆ ಸಿಕ್ಕಿದ್ರ ಈ ಹುಡುಗಿ ಗತಿ ಏನು?"

ಟ್ರಂಕಿನಲ್ಲಿ ಇದ್ದದ್ದು ಇದೇ ಅರ್ಜಿಯ ಇನ್ನೊಂದು ಪ್ರತಿ. ಆಯಿ ಕೊಟ್ಟದ್ದೆಂದು ಅವನಿಗೆ ಸುಡಲು ಮನಸ್ಸಾಗಿರಲಿಲ್ಲ.

ಮೊಮ್ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. "ಮುತ್ತ್ಯಾ, ಅವರಿಗೆ ನೀನೇ ಹೇಳು. ಹೇಳದ ಮದಿವಿ ಮಾಡಿದ್ರ ನಾ ಒಲ್ಲೆ" ಎಂದಳು ಅಜ್ಜನಿಗೆ. ಕಾಕಾ ಅವಳ ಮೇಲೆ ರೇಗಿದ, ಊಟ ಬಿಟ್ಟ. ಮೂರನೆಯ ದಿನ ನನಗೆ ಫೋನ್ ಮಾಡಿ, "ಇಂಡಿಗೆ ಹೋಗೂನು, ಕಾಗದ ತಗೊಂಡು ಬಾ" ಎಂದ.

ಇಂಡಿಯಲ್ಲಿ ನಿಂಬೆಹಣ್ಣಿನ ಶರಬತ್ತು ಕೊಟ್ಟರು. ಕಾಕಾ ಎಲ್ಲವನ್ನೂ ತಾನೇ ಹೇಳಿದ. ಹುಡುಗನ ತಂದೆ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಯಾರೂ ಕೇಳಿದ್ದಿಲ್ಲ. ಮತ್ತ ಯಾಕ ಹೇಳಾಕ ಬಂದ್ರಿ? ಇದರ ಹಿಂದ ಬ್ಯಾರೆ ಏನರ ಐತೇನ್ರಿ?"

"ಏನೂ ಇಲ್ರಿ. ಇಷ್ಟೇ ಐತಿ" ಎಂದ ಕಾಕಾ.

ಅವರು ಒಪ್ಪಲಿಲ್ಲ, ಬೇಡವೆನ್ನಲೂ ಇಲ್ಲ. ಒಂದು ತಿಂಗಳು ಸುದ್ದಿಯೇ ಇರಲಿಲ್ಲ. ಆಮೇಲೆ ಒಂದು ಮುಂಜಾನೆ ಹೂಂ ಅಂದರು. ಮನಸ್ಸಿನಿಂದ ಅಂದರೋ, ಹುಡುಗ ಹಟ ಹಿಡಿದನೋ ತಿಳಿಯಲಿಲ್ಲ. ಬಾಗೇವಾಡಿಯ ಮಂಗಲ ಕಾರ್ಯಾಲಯದಲ್ಲಿ ನಡೆದ ಮದುವೆಯಲ್ಲಿ ನನ್ನ ಕಣ್ಣೆಲ್ಲ ಬೀಗರ ಮೇಲೆಯೇ. ಯಾರು ಊಟಕ್ಕೆ ನಮ್ಮ ಸಾಲಿನಲ್ಲಿ ಕೂತರು, ಯಾರು ಎದ್ದು ಬೇರೆ ಸಾಲಿಗೆ ಹೋದರು ಎಂದು ನೋಡುತ್ತಿದ್ದೆ.

ಹುಡುಗನ ಅಜ್ಜಿ ಬಂದು ನನ್ನ ಮತ್ತು ಕಾಕಾನ ನಡುವೆ ಕೂತರು. ಎಲೆಯ ಮೇಲೆ ಬಾಗಿ ಮೆಲ್ಲಗೆ ಕೇಳಿದರು: "ಆ ಸಾಹೇಬ ಕೂಸಿಗೆ ಏನಂತ ಕರೀತಿದ್ದ?"

ನಮಗೆ ಗೊತ್ತಿದ್ದದ್ದು ಮುತ್ತಜ್ಜಿಗೆ ಮದುವೆಯಲ್ಲಿ ಇಟ್ಟ ಹೆಸರು ಮಾತ್ರ; ಅರ್ಜಿಯಲ್ಲಿ ಬರೀ ಹುಡುಗಿ ಎಂದಷ್ಟೇ ಇತ್ತು. ನಾನು ಕಾಕಾನ ಕಡೆ ನೋಡಿದೆ. ಅವನು ಅನ್ನಕ್ಕೆ ಸಾರು ಕಲಸುತ್ತ ಗೊತ್ತಿಲ್ಲವೆಂದು ತಲೆಯಾಡಿಸಿದ. ಗೊತ್ತಿದ್ದೂ ಹೇಳಲಿಲ್ಲವೆಂದೇ ನನ್ನ ಅನುಮಾನ.